ವಿಸರ್ಗ

ಮೂರು ದಿನ ಗಡಿಯಾರ ನಿಲ್ಲಿಸಲು
ಇಗರ್ಜಿಯ ಗ್ಯಾರೊಡ್ ಒಪ್ಪಿದ್ದ, ಅರೆಮನಸ್ಸಿನಿಂದ.
ಸಫಕ್ಕಿನ ಆ ಹಳ್ಳಿಯಲ್ಲಿ
ಕೈಗಡಿಯಾರ ಇಲ್ಲದವರು ಯಾರು?
ಆದರೂ ಎರಡನೆಯ ದಿನ ಹಾಲಿನ ವ್ಯಾನು ತಡವಾದದ್ದಕ್ಕೆ
ನಾವೇ ಕಾರಣವೆಂದರು ಪಬ್ಬಿನಲ್ಲಿ.

ಹೀಟರು ಗುಂಯ್ಗುಡುತ್ತದೆ, ಆರಿಸಿ.
ಹಿಂದಿನ ಕೋಣೆಯ ಫ್ರಿಜ್ಜು ಕೂಡ.
ಅದರೊಳಗೆ ನನ್ನ ಕಾರಿನ ಕೀಲಿ ಇಡುತ್ತೇನೆ ಯಾವಾಗಲೂ:
ಮರಳಿ ಹಚ್ಚುವುದು ಮರೆತರೆ
ಮನೆಗೆ ಹೋಗುವಂತಿಲ್ಲ.

ಜನವರಿ. ಕರುಳಿನ ತಂತಿ ಚಳಿಗೆ ಶ್ರುತಿ ಬಿಡುತ್ತದೆ.
ಗಾಂಬಾ ನುಡಿಸುವ ಹುಡುಗ
ವಾದ್ಯಕ್ಕೆ ತನ್ನ ಕಂಬಳಿ ಹೊದಿಸಿ
ತಾನು ನಡುಗುತ್ತಾನೆ.
ಇಮೋಜೆನ್ ಪಾಸ್ಕೊ, ಅರುವತ್ತೊಂದು,
ಎರಡೆರಡು ಜೊತೆ ಕಾಲುಚೀಲದಲ್ಲಿ
ಕಲ್ಲಿನ ಮೇಲೆ ನಿಂತಿದ್ದಾಳೆ. ಬೂಟು ಸದ್ದು ಮಾಡೀತೆಂದು.

ಮುನ್ನೂರು ವರ್ಷ ಹಿಂದಿನ, ಯಾವುದೋ ಫ್ರೆಂಚ್ ದಿವಾನಖಾನೆಯ ಹಾಡು.
ಒಂದೇ ಕಂಠ, ಹಾರ್ಪ್ಸಿಕಾರ್ಡು, ಗಾಂಬಾ.
ದ್ವೀಪದ ದಂಡೆಯಲ್ಲಿ ಎಚ್ಚರಾದ ಹೆಣ್ಣು
ಹಾಯಿ ಚಿಕ್ಕದಾಗುವುದನ್ನು ನೋಡುತ್ತಾಳೆ.
ಕತೆ ಅಷ್ಟೇ. ಹದಿನೆಂಟು ನಿಮಿಷ.
ಕೊನೆಗೊಂದು ನೀತಿ, ನಗುನಗುತ್ತ,
ಯಾರಿಗೂ ಏನೂ ಆಗಿಲ್ಲವೆಂಬ ತಾಳದಲ್ಲಿ.

ಆ ಭಾಷೆ ನನಗೆ ಬಾರದು.
ಹೆಡ್‌ಫೋನಿನಲ್ಲಿ ನನಗೆ ಕೇಳುವುದು ಬರೀ ಕಾಗುಣಿತ:
ಮೂಗಿನಲ್ಲಿ ನಿಂತ ಸೊನ್ನೆಗಳು,
ತುಟಿ ಉ ಎಂದರೂ ನಾಲಗೆ ಇ ಎನ್ನುವ
ನಮ್ಮ ಬಾಯಿಗಿಲ್ಲದ ಒಂದು ಸ್ವರ,
ಗಮಕವಲ್ಲ, ಆದರೆ
ಮುದುಕರನ್ನು ಮೆಟ್ಟಿಲು ಹತ್ತಿಸುವ ಹಾಗೆ
ಸ್ವರವನ್ನು ಕೆಳಗಿಂದ ಕೈಹಿಡಿದು ತರುವ ಒಂದು ಮರ್ಯಾದೆ.

ಯುದ್ಧವಿಮಾನ. ನಿಲ್ಲಿಸಿ.
ಕಾಗೆಗಳ ಜಗಳ. ನಿಲ್ಲಿಸಿ.
ಯಾರದೋ ಹೊಟ್ಟೆ. (ನನ್ನದೇ.)

ಹದಿನೇಳನೆಯ ಟೇಕಿನಲ್ಲಿ,
‘ಹೋದ’ ಎಂಬ ಮಾತಿನ ಮುಂಚೆ,
ಎಲ್ಲೂ ನಿಲ್ಲಬಾರದ ಕಡೆ,
ಅವಳ ಉಸಿರು ಮುಗಿಯಿತು.
ಒಂದು ಸಣ್ಣ ಎಳೆತ,
ತುಂಬದ ಕೊಡ ಬಾವಿಯ ಕಲ್ಲಿಗೆ ತಾಗಿದಂತೆ.
ಉಳಿದದ್ದೆಲ್ಲ ಆ ಟೇಕಿನಲ್ಲೇ ಚೆನ್ನಾಗಿತ್ತು.

ಚಹಾ ಹಿಡಿದು ಬಂದಳು ನನ್ನ ಬಳಿ.
“ಅದೊಂದು ತೆಗೆದುಬಿಡು,” ಎಂದಳು,
ಡಾಕ್ಟರಿಗೆ ಹೇಳುವವರ ದನಿಯಲ್ಲಿ.
“ಮೊದಲೆಲ್ಲ ಆ ಸಾಲು ನನಗೆ ಒಂದೇ—”
ಮುಗಿಸಲಿಲ್ಲ. ಚಹಾ ಆರುತ್ತಿತ್ತು.

ತೆಗೆದೆ. ಅದೇ ನನ್ನ ಕಸುಬು.
ಇಪ್ಸ್‌ವಿಚ್ಚಿನ ಬಾಡಿಗೆ ಕೋಣೆ, ಫೆಬ್ರವರಿ, ರಾತ್ರಿ ಎರಡು.
ತೆರೆಯ ಮೇಲೆ ಎರಡು ಚುಕ್ಕೆಯಿಟ್ಟೆ:
ಇಲ್ಲಿಂದ. ಇಲ್ಲಿಗೆ.
ನಡುವಿನ ಅರ್ಧ ಸೆಕೆಂಡು ಬಿದ್ದುಹೋಯಿತು,
ಗೆರೆ ಕೂಡಿತು, ಇಸ್ತ್ರಿಯಾಡಿಸಿದ ಸೆರಗಿನಂತೆ.
ಕೇಳಿದೆ.
ಹಾಯಿ ಹೋಗುತ್ತಲೇ ಇದೆ.
ದಂಡೆಯಲ್ಲಿ ಯಾರೂ ಇಲ್ಲ.

ಮತ್ತೆ ಕೇಳಿದೆ. ಯಾರೂ ಇಲ್ಲ.
ಅಲೆ, ಮರಳು, ಅಚ್ಚುಕಟ್ಟಾದ ದುಃಖ.
ಬಿಟ್ಟುಹೋಗಲು ಒಬ್ಬರಾದರೂ ಇರಬೇಕಲ್ಲ.

ಚಿತ್ರದುರ್ಗದ ಶಾಲೆಯಲ್ಲಿ ಶಾಂಭವಿ ಟೀಚರು
ಅಂಗೈಯನ್ನು ಬಾಯಿಯ ಮುಂದೆ ಹಿಡಿಸುತ್ತಿದ್ದರು.
ಅಂ ಎಂದರೆ ಮುಚ್ಚು. ಅಃ ಎಂದರೆ ಬಿಡು.
ಬಿಸಿ ತಾಗಿತೇನೇ?
ತಾಗದಿದ್ದರೆ ನೀನು ಓದಿದ್ದು ಅ, ಅಷ್ಟೇ,
ಚುಕ್ಕೆ ಎರಡೂ ದಂಡ.

ಚುಕ್ಕೆಗಳನ್ನು ಹತ್ತಿರ ತಂದೆ.
ಉಸಿರಿನ ಅರ್ಧ ಮರಳಿ ಕೊಟ್ಟೆ,
ಕಿವಿಗೊಟ್ಟವರಿಗೆ ಕೇಳುವಷ್ಟು,
ಕಿವಿಗೊಡದವರಿಗೆ
ಯಾಕೋ ಗಂಟಲು ಕಟ್ಟುವಷ್ಟು.
ಅವಳಿಗೆ ಹೇಳಲಿಲ್ಲ.
ಡಿಸ್ಕನ್ನು ಅಂಚೆಗೆ ಹಾಕಿ ಬೈಗುಳಕ್ಕೆ ಕಾದೆ.

ಮೂರು ವಾರಕ್ಕೆ ಕಾರ್ಡು ಬಂತು,
ಪೆನ್ಸಿಲಿನಲ್ಲಿ, ಒಂದೇ ಮಾತು: ಕಳ್ಳಿ.
ಕೆಳಗೆ, ಇನ್ನೂ ಸಣ್ಣದಾಗಿ,
ಇಗರ್ಜಿಯ ಗಡಿಯಾರ ಮತ್ತೆ ನಡೆಯುತ್ತಿದೆಯಂತೆ,
ನಾಲ್ಕು ನಿಮಿಷ ಹಿಂದೆ.
ಗ್ಯಾರೊಡ್ ಅದನ್ನು ಸರಿ ಮಾಡುತ್ತಿಲ್ಲ.